ಆಟ ಮುಚ್ಚಬೇಡಿ, ಗುಂಡಿ ಮುಚ್ಚಿ



ಈ ಸಲ ನಾನು ಕತೆ, ಒಗಟು ಯಾವುದನ್ನೂ ಬರೆದಿಲ್ಲ. ಒಂದು ಅಭಿಪ್ರಾಯ ಬರೆದಿದ್ದೇನೆ. ಹೋದ ತಿಂಗಳ ಎಸ್.ಡಿ.ಎಂ.ಸಿ. ಸಭೆಯಲ್ಲಿ ಕೆಲವು ಪೋಷಕರು “ಇನ್ನು ಮೇಲೆ ಮಕ್ಕಳು ಕಣ್ಣಾಮುಚ್ಚಾಲೆ ಆಡೋದು ಬೇಡ, ಶಾಲೆಯಲ್ಲಿ ಆಡ್ಸೋದೂ ಬೇಡ” ಅಂತ ಹೇಳಿದರಂತೆ. ಮುಂದಿನ ಸಭೆಯಲ್ಲಿ ತೀರ್ಮಾನ ಮಾಡುತ್ತಾರೆ ಎಂದು ಪ್ರಾರ್ಥನೆ ಸಮಯದಲ್ಲಿ ನಮಗೆ ತಿಳಿಸಿದರು. ಆಡುವವರು ನಾವು. ಆದ್ದರಿಂದ ತೀರ್ಮಾನಕ್ಕೆ ಮೊದಲು ನಮ್ಮ ಮಾತೂ ಒಂದಿರಲಿ ಎಂದು ಇಲ್ಲಿ ಅಂಟಿಸುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಭಯ ಸುಳ್ಳಲ್ಲ

ಬೇಡ ಅಂದವರ ಮೇಲೆ ನನಗೆ ಕೋಪ ಇಲ್ಲ. ಅವರ ಭಯದಲ್ಲಿ ಸುಳ್ಳಿಲ್ಲ. ಅಡಗುವ ಮಕ್ಕಳು ಯಾರೂ ಬರದ ಜಾಗವನ್ನೇ ಹುಡುಕುತ್ತಾರೆ. ಯಾರೂ ಬರದ ಜಾಗದಲ್ಲೇ ಅಪಾಯವೂ ಇರುತ್ತೆ.

ಕೊಳವೆ ಬಾವಿಯನ್ನೇ ತೆಗೆದುಕೊಳ್ಳಿ. 2014ರ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಬೋರಿಗೆ ಬಿದ್ದ ಆರು ವರ್ಷದ ಹುಡುಗ ಬದುಕಿ ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಬಿದ್ದಾಗ ಪಕ್ಕದಲ್ಲಿ ಗುಂಡಿ ತೋಡಿ, ಸುಮಾರು 20 ಗಂಟೆ ಕಷ್ಟಪಟ್ಟು ಜೀವಂತವಾಗಿ ತೆಗೆದರು. ಆ ಸುದ್ದಿ ನೋಡಿದ ಯಾವ ತಾಯಿಗೆ ತಾನೇ ಎದೆ ಡವಡವ ಅನ್ನುವುದಿಲ್ಲ?

ಇನ್ನು ಹಳೇ ಮನೆಗಳ ಹಗೇವು. ಈಗ ಅದರಲ್ಲಿ ರಾಗಿ ತುಂಬುವವರು ಕಡಿಮೆ, ಆದರೆ ಗುಂಡಿ ಹಾಗೇ ಇದೆ. ಕಾಳು ತುಂಬಿ ಮುಚ್ಚಿದ ಹಗೇವಿನೊಳಗೆ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೇ ನಮ್ಮ ಹಿರಿಯರು ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಒಳಗೆ ಇಳಿಯುತ್ತಿದ್ದರು. ಅಡಗುವ ಹುಡುಗ ದೀಪ ಹಿಡಿದುಕೊಂಡು ಹೋಗುತ್ತಾನಾ?

ಹುಲ್ಲಿನ ಬಣವೆ ಸಂದಿಯಲ್ಲಿ ಇಲಿ ಇರುತ್ತೆ, ಇಲಿ ಇದ್ದ ಕಡೆ ಹಾವು ಬರುತ್ತೆ. ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡಿದೆ ಅಂದಮೇಲೆ ಅದು ಸಣ್ಣ ವಿಷಯ ಅಲ್ಲ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಮೇಲೆ ಕಾಲಿಟ್ಟರೆ ಜಾರುತ್ತೆ, ಈಜು ಬಂದವರಿಗೂ ಹತ್ತಿ ಬರೋದು ಕಷ್ಟ. ನಿಂತ ಟ್ರ್ಯಾಕ್ಟರ್ ಟ್ರೇಲರಿನ ಅಡಿ ಅಡಗಿದರೆ ಚಾಲಕನಿಗೆ ಕಾಣೋದಿಲ್ಲ.

ಇಷ್ಟೆಲ್ಲ ನಿಜ. ಆದರೆ ಒಂದು ವಿಷಯ ಯೋಚನೆ ಮಾಡಿ. ಬಾಯಿ ತೆರೆದ ಬೋರು “ನೀನು ಯಾವ ಆಟ ಆಡ್ತಿದ್ದೀಯ?” ಅಂತ ಕೇಳುವುದಿಲ್ಲ. ಚೆಂಡು ತರಲು ಓಡಿದವನೂ ಬೀಳುತ್ತಾನೆ, ಮೇಕೆ ಹಿಂದೆ ಹೋದವಳೂ ಬೀಳುತ್ತಾಳೆ, ಕತ್ತಲಲ್ಲಿ ನೀರು ಕಟ್ಟಲು ಹೋದ ದೊಡ್ಡವರೂ ಕಾಲು ಸಿಕ್ಕಿಸಿಕೊಳ್ಳುತ್ತಾರೆ. ಹಾಗಾದರೆ ತಪ್ಪು ಆಟದ್ದೋ, ಗುಂಡಿಯದ್ದೋ? ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ಆಗಬಾರದು.

ಬೇರೆಯವರು ಏನು ಮಾಡಿದರು?

ಅಮೆರಿಕ ದೇಶದಲ್ಲಿ ಹಿಂದೆ ಫ್ರಿಜ್ಜಿನ ಬಾಗಿಲಿಗೆ ಹೊರಗಿನಿಂದ ಮಾತ್ರ ತೆಗೆಯುವ ಚಿಲಕ ಇರುತ್ತಿತ್ತು. ಎಸೆದ ಹಳೇ ಫ್ರಿಜ್ಜಿನೊಳಗೆ ಮಕ್ಕಳು ಆಡಲು ಹೋಗಿ ಸೇರಿಕೊಂಡು, ಬಾಗಿಲು ಮುಚ್ಚಿಕೊಂಡು ಉಸಿರು ಕಟ್ಟಿ ಸಾಯುತ್ತಿದ್ದರು. ಆಗ ಅಲ್ಲಿಯ ಸರ್ಕಾರ ಏನು ಮಾಡಿತು? “ಮಕ್ಕಳೇ, ಅಡಗುವ ಆಟ ನಿಲ್ಲಿಸಿ” ಅಂತ ಕಾನೂನು ಮಾಡಲಿಲ್ಲ. 1956ರಲ್ಲಿ ಫ್ರಿಜ್ ಕಂಪನಿಗಳಿಗೆ ಕಾನೂನು ಮಾಡಿತು. ಒಳಗಿನಿಂದ ತಳ್ಳಿದರೆ ತೆರೆಯುವಂಥ ಬಾಗಿಲನ್ನೇ ಮಾಡಬೇಕು ಎಂದಿತು. ಈಗ ನಮ್ಮೂರಿನ ಮನೆಗಳಲ್ಲಿರುವ ಫ್ರಿಜ್ಜನ್ನು ನೋಡಿ, ಬಾಗಿಲಿಗೆ ಅಂಥ ಚಿಲಕ ಇಲ್ಲ, ರಬ್ಬರಿನೊಳಗೆ ಆಯಸ್ಕಾಂತದ ಪಟ್ಟಿ ಇದೆ. ಬದಲಾಗಿದ್ದು ಬಾಗಿಲು, ಕಡಿಮೆಯಾಗಿದ್ದು ಸಾವು. ಆಟ ನಿಲ್ಲಲಿಲ್ಲ. (ಹಾಗಂತ ಫ್ರಿಜ್ಜು, ಟ್ರಂಕು, ಮುಚ್ಚಳದ ಪೆಟ್ಟಿಗೆಯೊಳಗೆ ಯಾರೂ ಹೋಗಬೇಡಿ. ಅದನ್ನು ಕೆಳಗೆ ನಿಯಮದಲ್ಲಿ ಬರೆದಿದ್ದೇನೆ.)

ನಮ್ಮ ದೇಶದಲ್ಲೂ ಹೀಗೇ ಆಗಿದೆ. 2010ರಲ್ಲಿ ಸುಪ್ರೀಂ ಕೋರ್ಟ್ ಕೊಳವೆ ಬಾವಿಗಳ ಬಗ್ಗೆ ಸೂಚನೆ ಕೊಟ್ಟಿತು. ಬೋರು ಕೊರೆಯುವಾಗ ಸುತ್ತ ತಂತಿ ಬೇಲಿ ಹಾಕಬೇಕು, ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು, ಬಾಯಿಗೆ ಬೋಲ್ಟ್ ಹಾಕಿದ ಕಬ್ಬಿಣದ ಮುಚ್ಚಳ ಇರಬೇಕು, ನೀರು ಬಾರದೆ ಬಿಟ್ಟ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು. ಕೋರ್ಟು ಹೇಳಿದ್ದು ಬೋರು ಮುಚ್ಚಿ ಎಂದು. ಮಕ್ಕಳನ್ನು ಮನೆಯಲ್ಲಿ ಮುಚ್ಚಿಡಿ ಎಂದು ಹೇಳಲಿಲ್ಲ.

ನಾವು ನಾಲ್ಕು ಜನ ಗೆಳತಿಯರು ಶನಿವಾರ ಮಧ್ಯಾಹ್ನ ಶಾಲೆಯ ಸುತ್ತ ನೋಡಿಕೊಂಡು ಬಂದೆವು. ಆಟದ ಮೈದಾನದಿಂದ ತೋಪಿನ ಬೇಲಿವರೆಗೆ ಬಳಸದ ಬೋರು ಮೂರು ಇವೆ. ಎರಡಕ್ಕೆ ಕಬ್ಬಿಣದ ಮುಚ್ಚಳ ಇದೆ. ಮೂರನೆಯದಕ್ಕೆ ಗೋಣಿಚೀಲ ಕಟ್ಟಿ ಮೇಲೆ ಒಂದು ಚಪ್ಪಡಿ ಕಲ್ಲು ಇಟ್ಟಿದ್ದಾರೆ. ಗೋಣಿ ಮಳೆಗೆ ಕೊಳೆತಿದೆ. ಕಲ್ಲನ್ನು ಐದನೇ ತರಗತಿಯ ಮಕ್ಕಳಿಬ್ಬರು ಸೇರಿದರೆ ಸರಿಸಬಹುದು. ಯಾರ ಜಮೀನು ಎಂದು ನಾನಿಲ್ಲಿ ಬರೆಯುವುದಿಲ್ಲ. ಆ ಹಿರಿಯರಿಗೆ ಗೊತ್ತಾಗುತ್ತದೆ, ನಮ್ಮ ಗುರುಗಳೂ ಹೇಳಬಹುದು. ಒಂದು ಮುಚ್ಚಳ, ನಾಲ್ಕು ಬೋಲ್ಟು, ಅರ್ಧ ದಿನದ ಕೆಲಸ. ನೂರಾರು ಮಕ್ಕಳ ಆಟ ನಿಲ್ಲಿಸುವುದಕ್ಕಿಂತ ಇದು ಸುಲಭ ಅಲ್ಲವೇ?

ಇದು ಒಂದು ಆಟ ಅಲ್ಲ, ಹತ್ತು ಆಟ

ಬೇಡ ಅನ್ನುವವರು ಕಣ್ಣಾಮುಚ್ಚಾಲೆ ಎಂದರೆ ಬಣವೆ ಹಿಂದೆ ಓಡಿ ಅಡಗುವುದು ಒಂದೇ ಎಂದು ತಿಳಿದಿದ್ದಾರೆ. ಹಾಗಲ್ಲ. ಜಾಗಕ್ಕೆ ತಕ್ಕಂತೆ, ವಯಸ್ಸಿಗೆ ತಕ್ಕಂತೆ ಇದರಲ್ಲಿ ಬೇರೆ ಬೇರೆ ಆಟಗಳಿವೆ. ನನಗೆ ಗೊತ್ತಿರುವ ಕೆಲವನ್ನು ಹೇಳುತ್ತೇನೆ.

ಅಜ್ಜಿ ಆಟ: ಇದೇ ಹಳೆಯದು. ಒಬ್ಬರು ಅಜ್ಜಿಯಾಗಿ ಕೂರುತ್ತಾರೆ. ಅವರು ಕಳ್ಳನ ಕಣ್ಣು ಮುಚ್ಚಿ ಹಾಡು ಹೇಳುತ್ತಾರೆ. ಆ ಹಾಡು ಎಲ್ಲರಿಗೂ ಬಾಯಿಗೆ ಬರುತ್ತೆ, ನಾನು ಬರೆಯಬೇಕಾಗಿಲ್ಲ. ಹಾಡು ಮುಗಿಯುವುದರೊಳಗೆ ಎಲ್ಲರೂ ಅಡಗಬೇಕು. ಆಮೇಲೆ ಕಳ್ಳನಿಗೆ ಸಿಗದ ಹಾಗೆ ಓಡಿ ಬಂದು ಅಜ್ಜಿಯನ್ನು ಮುಟ್ಟಬೇಕು. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಕ್ ಬರಹಗಾರ ಪೋಲಕ್ಸ್ ಎಂಬುವರು ತಮ್ಮ ಕಾಲದ ಆಟಗಳನ್ನು ಬರೆದಿಟ್ಟಿದ್ದಾರೆ. ಅದರಲ್ಲೂ ಇಂಥದ್ದೇ ಆಟ ಇದೆ. ನಡುವೆ ಒಬ್ಬ ಕಣ್ಣು ಮುಚ್ಚಿ ಕೂರುತ್ತಾನೆ, ಉಳಿದವರು ಅಡಗುತ್ತಾರೆ, ಅವನು ಹುಡುಕಲು ಹೊರಟಾಗ ಅವನ ಜಾಗಕ್ಕೆ ಓಡಿ ಬರಬೇಕು. ನೋಡಿ, ಎಲ್ಲಿಯ ಗ್ರೀಸ್, ಎಲ್ಲಿಯ ನಮ್ಮೂರ ಜಗುಲಿ! ಸುಮಾರು 1800 ವರ್ಷಗಳಿಂದ ಉಳಿದ ಆಟವನ್ನು ಒಂದು ಸಭೆಯಲ್ಲಿ ನಿಲ್ಲಿಸುವುದು ನ್ಯಾಯವೇ? ಈ ಆಟದ ಇನ್ನೊಂದು ಗುಣ ಏನೆಂದರೆ ಅಜ್ಜಿಯ ಜಾಗದಲ್ಲಿ ನಿಜವಾದ ಅಜ್ಜಿಯೇ ಕೂರಬಹುದು. ಆಗ ದೊಡ್ಡವರೊಬ್ಬರ ಕಣ್ಣು ಮಕ್ಕಳ ಮೇಲೆ ಇದ್ದ ಹಾಗೂ ಆಯ್ತು.

ಐಸ್ ಪೈಸ್: ಇದರಲ್ಲಿ ಹಿಡಿಯಬೇಕಾಗಿಲ್ಲ. ನೋಡಿ, ಹೆಸರು ಹಿಡಿದು ಕೂಗಿದರೆ ಸಾಕು. ಹೆಸರು ತಪ್ಪಿದರೆ ಕಳ್ಳನೇ ಮತ್ತೆ ಎಣಿಸಬೇಕು. ಅದಕ್ಕೇ ಹುಡುಗರು ಅಂಗಿ ಅದಲು ಬದಲು ಮಾಡಿಕೊಂಡು ತೋಳು ಮಾತ್ರ ಆಚೆ ತೋರಿಸೋದು. ಹಿಂದಿನಿಂದ ಬಂದು ಬೆನ್ನು ತಟ್ಟಿದರೂ ಕಳ್ಳ ಸೋತ. (ತಟ್ಟಬೇಕು, ಗುದ್ದಬಾರದು. ಕೆಲವರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲ.)

ಗೆರೆ ಆಟ: ಎರಡು ಗುಂಪು. ಇಲ್ಲಿ ಮಕ್ಕಳು ಅಡಗುವುದಿಲ್ಲ, ಗೆರೆ ಅಡಗುತ್ತವೆ. ಪ್ರತಿ ಗುಂಪಿನ ಕೈಗೆ ಒಂದು ಇದ್ದಿಲು ಚೂರು. ಗೊತ್ತು ಮಾಡಿದ ಸಮಯದಲ್ಲಿ ಕಲ್ಲಿನ ಅಡಿ, ಕಂಬದ ಹಿಂದೆ, ಎಲೆಯ ಬೆನ್ನಿನ ಮೇಲೆ ಎಷ್ಟು ಬೇಕೋ ಅಷ್ಟು ಗೆರೆ ಎಳೆಯಬೇಕು. ಆಮೇಲೆ ಎದುರು ಗುಂಪು ಬಂದು ಸಿಕ್ಕಿದ ಗೆರೆಗಳನ್ನೆಲ್ಲ ಹೊಡೆದು ಹಾಕುತ್ತೆ. ಸಿಗದೆ ಉಳಿದದ್ದನ್ನು ಎಣಿಸಿ ಅಂಕ. ಲೆಕ್ಕದ ಮೇಷ್ಟ್ರಿಗೂ ಇಷ್ಟವಾಗುವ ಆಟ. ಯಾರೂ ಮೈದಾನ ಬಿಟ್ಟು ಹೋಗಬೇಕಾಗಿಲ್ಲ. ಸುಣ್ಣ ಬಳಿದ ಶಾಲೆ ಗೋಡೆ ಮೇಲೆ ಮಾತ್ರ ಎಳೆಯಬೇಡಿ!

ಬೂತಾಯಿ ಆಟ: ಈ ಹೆಸರು ನಾನೇ ಇಟ್ಟದ್ದು. ಇಂಗ್ಲೆಂಡಿನ ಮಕ್ಕಳು ಇದನ್ನು ‘ಸಾರ್ಡೀನ್ಸ್’ ಎನ್ನುತ್ತಾರೆ. ಸಾರ್ಡೀನ್ ಎಂದರೆ ನಮ್ಮ ಕರಾವಳಿಯ ಬೂತಾಯಿ ಜಾತಿಯ ಮೀನು. ಆ ಮೀನನ್ನು ಡಬ್ಬದಲ್ಲಿ ಒತ್ತೊತ್ತಾಗಿ ತುಂಬುತ್ತಾರೆ. ಆಟವೂ ಹಾಗೇ. ಇದು ಉಲ್ಟಾ ಕಣ್ಣಾಮುಚ್ಚಾಲೆ. ಒಬ್ಬರು ಅಡಗುತ್ತಾರೆ, ಎಲ್ಲರೂ ಹುಡುಕುತ್ತಾರೆ. ಕಂಡುಹಿಡಿದವರು ಕೂಗಬಾರದು, ಸುಮ್ಮನೆ ಅವರ ಪಕ್ಕದಲ್ಲೇ ಹೋಗಿ ಕೂರಬೇಕು. ಒಬ್ಬೊಬ್ಬರೇ ಕಡಿಮೆಯಾಗುತ್ತಾ ಕೊನೆಗೆ ಒಬ್ಬರೇ ಉಳಿಯುತ್ತಾರೆ. ಮರೆಯಲ್ಲಿ ಹತ್ತು ಜನ ನಗು ತಡೆದುಕೊಂಡು ಕೂರುವುದೇ ಇದರ ಮಜಾ. ಒಬ್ಬರೇ ಹೆದರಿಕೊಂಡು ಕೂರುವ ಪ್ರಸಂಗ ಬಹಳ ಹೊತ್ತು ಇರುವುದಿಲ್ಲ, ಆದ್ದರಿಂದ ಚಿಕ್ಕವರಿಗೆ ಒಳ್ಳೆಯದು.

ಹೂವಿನ ಹೆಸರಿನ ಆಟ: ಮಳೆ ಬಂದಾಗ ಕೋಣೆಯೊಳಗೇ ಆಡಬಹುದು. ಎರಡು ಸಾಲು ಕೂರಬೇಕು. ನಾಯಕಿ ತನ್ನ ಗುಂಪಿನವರಿಗೆಲ್ಲ ಗುಟ್ಟಾಗಿ ಮಲ್ಲಿಗೆ, ಸೇವಂತಿಗೆ, ಕನಕಾಂಬರ ಅಂತ ಹೆಸರಿಡುತ್ತಾಳೆ. ಎದುರು ಗುಂಪಿನ ನಾಯಕಿ ಬಂದು ನಮ್ಮ ಒಬ್ಬರ ಕಣ್ಣು ಮುಚ್ಚಿ ತನ್ನ ಕಡೆಯ ಹೂವನ್ನು ಕರೆಯುತ್ತಾಳೆ. ಆ ಹೂವು ಮೆಲ್ಲಗೆ ಬಂದು, ಹಣೆ ಮುಟ್ಟಿ, ಮೆಲ್ಲಗೆ ಹೋಗಿ ಕೂರಬೇಕು. ಬಂದವರು ಯಾರು ಎಂದು ಹೇಳಬೇಕು. ಇದರಲ್ಲಿ ಮೈ ಎದುರಿಗೇ ಇರುತ್ತೆ, ಅಡಗಿರುವುದು ಹೆಸರು ಮಾತ್ರ. ಬಳೆ ಸದ್ದು, ಹೆಜ್ಜೆ ಸದ್ದು, ತಲೆಗೆ ಹಚ್ಚಿದ ಎಣ್ಣೆ ವಾಸನೆ ಎಲ್ಲವನ್ನೂ ಗಮನಿಸಬೇಕು.

ಇನ್ನು ಮರಳಿನ ಗುಡ್ಡೆಯಲ್ಲಿ ಕಡ್ಡಿ ಅಡಗಿಸಿ ಎರಡು ಕೈ ಮುಚ್ಚಿ ಜಾಗ ತೋರಿಸುವ ಆಟ, ಸೀಮೆಸುಣ್ಣ ಅಡಗಿಸಿ ಹತ್ತಿರ ಹೋದಂತೆ ಜೋರಾಗಿ ಚಪ್ಪಾಳೆ ತಟ್ಟುವ ಆಟ, ಚೀಟಿಯಲ್ಲಿ ರಾಜ ರಾಣಿ ಕಳ್ಳ ಪೊಲೀಸ್ ಆಟ ಇವೆಲ್ಲ ನಿಮಗೆ ಗೊತ್ತು. ಎಲ್ಲವೂ ಅಡಗುವ, ಹುಡುಕುವ ಆಟಗಳೇ. ಯಾವುದಕ್ಕೂ ಬಣವೆ ಬೇಡ, ಬೋರಿನ ಹತ್ತಿರ ಹೋಗುವುದೂ ಬೇಡ.

ಆಟಕ್ಕುಂಟು, ಲೆಕ್ಕಕ್ಕೂ ಉಂಟು

ದೊಡ್ಡವರಿಗೆ ಹೇಳಿದ್ದಾಯ್ತು. ಈಗ ನಮ್ಮವರಿಗೆ ಎರಡು ಮಾತು. ಬೇಜಾರು ಮಾಡಿಕೊಳ್ಳಬೇಡಿ.

ಚಿಕ್ಕ ಮಕ್ಕಳು ಆಟಕ್ಕೆ ಬಂದರೆ ನಮ್ಮ ಕಡೆ “ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ” ಅಂತಾರೆ. ಅಂದರೆ ಅವನು ಅಡಗಬಹುದು, ಆದರೆ ಯಾರೂ ಹುಡುಕುವುದಿಲ್ಲ. ಕೇಳಲು ತಮಾಷೆ. ಆದರೆ ನನ್ನ ಪ್ರಕಾರ ಈ ಆಟದ ದೊಡ್ಡ ಅಪಾಯ ಇದೇ. ಲೆಕ್ಕಕ್ಕಿಲ್ಲದ ಮಗು ಎಲ್ಲಿ ಅಡಗಿದೆ ಎಂದು ಯಾರಿಗೂ ಗೊತ್ತಿರೋದಿಲ್ಲ. ಆಟ ಮುಗಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಕೆಲವರಂತೂ ಬೇಕೆಂದೇ ಒಬ್ಬರನ್ನು ಅಡಗಲು ಬಿಟ್ಟು ಮನೆಗೆ ಹೋಗಿಬಿಡುತ್ತಾರೆ, ಮಾರನೇ ದಿನ ಅದನ್ನೇ ಹೇಳಿಕೊಂಡು ನಗುತ್ತಾರೆ. ನಾನು ಮರೆಯಲ್ಲಿ ಕೂತಿದ್ದೀನಿ, ನನ್ನನ್ನು ಯಾರೋ ಹುಡುಕ್ತಿದ್ದಾರೆ ಅನ್ನೋ ಧೈರ್ಯದ ಮೇಲೆ ತಾನೇ ಈ ಆಟ ನಿಂತಿರೋದು? ಆ ಧೈರ್ಯ ಮುರಿದರೆ ಅದು ಆಟ ಅಲ್ಲ, ಮೋಸ.

ಓಡಲು ಆಗದವರ ವಿಷಯವೂ ಹೀಗೇ. ನಮ್ಮ ಶಾಲೆಯಲ್ಲಿ ಕಾಲಿನ ತೊಂದರೆ ಇರುವ ಒಬ್ಬ ಹುಡುಗಿ ಇದ್ದಾಳೆ. ಆಟದ ಪೀರಿಯಡ್‌ನಲ್ಲಿ ಅವಳಿಗೆ ಎಲ್ಲರ ಚಪ್ಪಲಿ, ನೀರಿನ ಬಾಟಲಿ ಕಾಯುವ ಕೆಲಸ. ಹೂವಿನ ಆಟಕ್ಕೆ ಅವಳನ್ನು ಕೂರಿಸಿ ನೋಡಿ. ಕಿವಿ ಎಷ್ಟು ಚುರುಕು ಎಂದರೆ ಹೆಜ್ಜೆ ಕೇಳಿಯೇ ಹೆಸರು ಹೇಳುತ್ತಾಳೆ, ಹತ್ತಕ್ಕೆ ಎಂಟು ಸಲ ಸರಿ. ಓಟದಲ್ಲಿ ಹಿಂದೆ ಬಿದ್ದವರು ಹುಡುಕುವುದರಲ್ಲಿ ಮುಂದೆ ಇರಬಹುದು. ಆಟ ಬದಲಾಯಿಸಿದರೆ ಸಾಕು, ಅವರನ್ನು ಹೊರಗೆ ಕೂರಿಸುವುದು ಬೇಡ.

ಇನ್ನೊಂದು, ದೊಡ್ಡ ತರಗತಿಯ ನಮ್ಮಂಥ ಹುಡುಗಿಯರಿಗೆ “ಇನ್ನೂ ಏನು ಮಕ್ಕಳ ಹಾಗೆ ಆಟ, ಒಳಗೆ ಹೋಗು” ಅಂತಾರೆ. ನನ್ನ ವಯಸ್ಸಿನ ಹುಡುಗರು ಕೆರೆ ಏರಿ ಮೇಲೆ ಕ್ರಿಕೆಟ್ ಆಡಿದರೆ ಯಾರೂ ಏನೂ ಅನ್ನಲ್ಲ. ಹುಡುಗಿಯರು ಆಡುವುದು ಹೆಚ್ಚಾಗಿ ಇಂಥ ಖರ್ಚಿಲ್ಲದ ಆಟಗಳನ್ನೇ. ಇದಕ್ಕೆ ಬ್ಯಾಟು ಬೇಡ, ಶೂ ಬೇಡ, ತಂಡದಲ್ಲಿ ಹೆಸರು ಬರಬೇಕಾಗಿಲ್ಲ. ಇದನ್ನು ನಿಲ್ಲಿಸಿದರೆ ಮೊದಲು ಮನೆ ಸೇರುವವರು ನಾವೇ, ಆಮೇಲೆ ಚಿಕ್ಕವರು. ಹುಡುಗರು ಹೇಗೋ ಬೇರೆ ಆಟ ಹುಡುಕಿಕೊಳ್ಳುತ್ತಾರೆ. ಮನೆ ಸೇರಿದ ಚಿಕ್ಕವರ ಕೈಗೆ ಮೊಬೈಲು ಬರುತ್ತೆ. ಆಗ ಬೋರಿನ ಭಯ ಹೋಗಿ ಕಣ್ಣಿನ ಭಯ ಶುರು.

ಆಟ ಆಡಿದರೆ ಓದು ಹಾಳಾಗುತ್ತೆ ಅನ್ನುವವರಿಗೂ ಒಂದು ಮಾತು. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಆಟವೂ ಮಕ್ಕಳ ಹಕ್ಕು ಎಂದಿದೆ. ನಮ್ಮ ದೇಶ 1992ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಏನೇನು ಇರಬೇಕು ಎಂದು ಪಟ್ಟಿ ಇದೆ. ಕುಡಿಯುವ ನೀರು, ಶೌಚಾಲಯ ಇವುಗಳ ಜೊತೆಗೆ ಆಟದ ಮೈದಾನವನ್ನೂ ಅಲ್ಲೇ ಬರೆದಿದ್ದಾರೆ. ಆಡಿ ಬಂದ ಮೇಲೆ ಪಾಠ ತಲೆಗೆ ಚೆನ್ನಾಗಿ ಹತ್ತುತ್ತದೆಯೋ ಇಲ್ಲವೋ, ಇದನ್ನು ನಮ್ಮ ಗುರುಗಳೇ ಮಧ್ಯಾಹ್ನದ ಮೊದಲ ಪೀರಿಯಡ್‌ನಲ್ಲಿ ನೋಡಿ ಹೇಳಲಿ.

ನಾವು ಪಾಲಿಸುವ ನಿಯಮಗಳು

ಬರೀ ಕೇಳುವುದು ಸರಿಯಲ್ಲ, ನಾವೂ ಏನಾದರೂ ಕೊಡಬೇಕು. ಆದ್ದರಿಂದ ಈ ನಿಯಮಗಳನ್ನು ಸೂಚಿಸುತ್ತೇನೆ.

1. ಆಟಕ್ಕೆ ಮೊದಲು ಎಲ್ಲೆ ಗೊತ್ತು ಮಾಡಬೇಕು. ಮೈದಾನ, ಬೇವಿನ ಮರ, ಬಾವಿ ಕಟ್ಟೆಯ ಈಚೆ. ಅಷ್ಟೇ.

2. ಮುಚ್ಚಳ, ಚಿಲಕ ಇರುವ ಯಾವುದರೊಳಗೂ ಹೋಗಬಾರದು. ಹಗೇವು, ಹೊಂಡ, ಬಣವೆ, ಕಲ್ಲಿನ ರಾಶಿ, ನಿಂತ ವಾಹನದ ಅಡಿ ಕೂಡದು.

3. ಆಟ ಶುರುವಾಗುವಾಗ ತಲೆ ಎಣಿಸಬೇಕು, ಮುಗಿದಾಗ ಮತ್ತೆ ಎಣಿಸಬೇಕು. ಲೆಕ್ಕ ಸರಿಹೋಗದೆ ಯಾರೂ ಮನೆಗೆ ಹೋಗಬಾರದು. ಆಟಕ್ಕುಂಟಾದವರೆಲ್ಲ ಲೆಕ್ಕಕ್ಕೂ ಉಂಟು.

4. “ಎಲ್ಲಾ ಬನ್ರೋ” ಎಂದು ಮೂರು ಸಲ ಕೂಗಿದರೆ ಆಟ ಮುಗಿಯಿತು. ಅಡಗಿದವರು ಕೂಡಲೇ ಬರಬೇಕು. ಸೋತ ಹಾಗಲ್ಲ.

5. ಒಂದು, ಎರಡು, ಮೂರನೇ ತರಗತಿಯವರು ದೊಡ್ಡವರ ಜೊತೆ ಜೋಡಿಯಾಗಿಯೇ ಅಡಗಬೇಕು.

6. ಕಳ್ಳ ಯಾರು ಎಂದು ಅಂಗೈ ಹಾಕಿಯೇ ತೀರ್ಮಾನಿಸಬೇಕು. ಚಿಕ್ಕವರನ್ನೇ ಪ್ರತಿಸಲ ಕಳ್ಳ ಮಾಡಬಾರದು.

7. ಕತ್ತಲಾದ ಮೇಲೆ ಆಟ ಇಲ್ಲ.

ಈ ಏಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಮೈದಾನದ ಕಡೆಯ ಗೋಡೆಗೆ ಅಂಟಿಸಲು ನಾನು ತಯಾರು. ಮುರಿದವರಿಗೆ ಒಂದು ವಾರ ಆಟ ಇಲ್ಲ. ಇದು ನಮಗೆ ನಾವೇ ಹಾಕಿಕೊಳ್ಳುವ ಶಿಕ್ಷೆ, ಗುರುಗಳಿಗೆ ತೊಂದರೆ ಕೊಡುವುದಿಲ್ಲ.

ಗುರುಗಳಲ್ಲಿ ಮತ್ತು ಸಭೆಯ ಹಿರಿಯರಲ್ಲಿ ನನ್ನ ಬೇಡಿಕೆ ಮೂರೇ ಮೂರು. ಒಂದು, ಗೋಣಿ ಕಟ್ಟಿದ ಆ ಬೋರನ್ನು ಮುಂದಿನ ಸಭೆಯ ಒಳಗೆ ಮುಚ್ಚಿಸಿ. ಎರಡು, ಊರಿನ ಕೃಷಿ ಹೊಂಡಗಳಿಗೆ ತಂತಿ ಬೇಲಿ ಹಾಕಲು ಪಂಚಾಯ್ತಿಗೆ ಒಂದು ಅರ್ಜಿ ಬರೆಯಿರಿ. ಅರ್ಜಿಗೆ ನಾವೂ ಸಹಿ ಹಾಕುತ್ತೇವೆ. ಮೂರು, ಆಟ ಬೇಡ ಎಂದು ತೀರ್ಮಾನಿಸುವ ಮೊದಲು ಒಂದು ತಿಂಗಳು ಈ ನಿಯಮದಂತೆ ನಮ್ಮನ್ನು ಆಡಲು ಬಿಟ್ಟು ನೋಡಿ.

ಗೆಳೆಯ ಗೆಳತಿಯರೇ, ನಿಮಗೆ ಬೇರೆ ಅಭಿಪ್ರಾಯ ಇದ್ದರೆ ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಚೀಟಿ ಅಂಟಿಸಿ. ನಿಮ್ಮ ಅಜ್ಜಿ ಊರಿನಲ್ಲಿ ಬೇರೆ ರೀತಿ ಆಡುತ್ತಿದ್ದರೆ ಅದನ್ನೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಚೀಟಿ ಹರಿದು ಹಾಕಬೇಡಿ.



ಇಂತಿ,
ನಿಮ್ಮ ಸಹಪಾಠಿ,
8ನೇ ತರಗತಿಯ ಒಬ್ಬ ವಿದ್ಯಾರ್ಥಿನಿ